ಕೊಟ್ರಮ್ಮನ ಎರಡು ಬೆರಳಿನ ಕಾರ್ಡ್

ಗಿಟಾರ್ ಬಗ್ಗೆ ಏನೂ ಗೊತ್ತಿಲ್ಲದವರೂ ಧೈರ್ಯವಾಗಿ ಓದಿ... ಬರೆಯುತ್ತಿರುವ ನನಗೂ ಏನೂ ಗೊತ್ತಿಲ್ಲ!

ಕೊಟ್ರಮ್ಮ ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಅಳತೆ ಕೊಡಲು ಹೋದಾಗ ಅವರೇ ಹೇಳಿದ್ದು ಇದು.

ಅವರ ಯಜಮಾನರು ಹಾಲೇಶಣ್ಣ. ದಾವಣಗೆರೆಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಮದುವೆ ಆರತಕ್ಷತೆ, ಗಣೇಶನ ಪೆಂಡಾಲ್... ಎಲ್ಲಿ ನೋಡಿದರೂ ಅವರೇ.

ಹೋದ ವರ್ಷ ಸ್ಟ್ರೋಕ್ ಆಯಿತು. ಜೀವ ಉಳಿಯಿತು... ಎಡಗೈ ಸ್ವಾಧೀನ ತಪ್ಪಿತು.

ಗಿಟಾರ್‌ನಲ್ಲಿ ಬಾರಿಸುವುದು ಬಲಗೈ, ನಿಜ. ಆದರೆ ಎಡಗೈ ತಂತಿಗಳನ್ನು ಒತ್ತಿ ಹಿಡಿದರೆ ತಾನೇ ಸ್ವರಗಳೆಲ್ಲ ಒಟ್ಟಿಗೆ ಹೊಂದಿಕೊಂಡು ಬರುವುದು? ಹಾಗೆ ಹಿಡಿಯುವುದಕ್ಕೇ ಕಾರ್ಡ್ ಅನ್ನುತ್ತಾರಂತೆ.

ಹಾಲೇಶಣ್ಣ ಮಂಕಾದರು. ಎಡಗೈ ಮೇಲೆ ಸದಾ ಒಂದು ಟವೆಲ್. ಯಾರು ಬಂದರೂ ಬಲಗಡೆಯೇ ಕೂರಬೇಕು... ಎಡಗಡೆ ಹೆಂಡತಿಯನ್ನೂ ಕೂರಲು ಬಿಡುತ್ತಿರಲಿಲ್ಲ.

ಒಂದು ದಿನ, ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಗೆಳೆಯ ಫಕ್ರುದ್ದೀನಣ್ಣನಿಗೆ ಹೇಳಿಯೇಬಿಟ್ಟರು.

"ಗಣೇಶನ ಹಬ್ಬ ಮುಗಿದ ಮೇಲೆ ಬರೋ ಭಾನುವಾರ ಈ ಗಿಟಾರ್ ತಗಂಡು ಹೋಗೋ ಫಕ್ರು. ಕಲಿಯೋರಿಗೆ ಯಾರಿಗಾದ್ರೂ ಕೊಡು. ಇದನ್ನ ನೋಡಾಕಾಗಲ್ಲ ನನಗೆ."

ಕೊಟ್ರಮ್ಮ ಒಳಗಿನಿಂದ ಕೇಳಿಸಿಕೊಂಡರು. ಗಿಟಾರ್ ಮನೆಯಿಂದ ಹೋದರೆ ಈ ಮನುಷ್ಯನೂ ಪೂರ್ತಿ ಕೈಬಿಟ್ಟು ಹೋಗುತ್ತಾನೆ ಅನ್ನಿಸಿತು.

ಗಂಡನ ಹಳೇ ಫೋನಿನಲ್ಲಿ ಕಾರ್ಡ್ ತೋರಿಸುವ ಒಂದು ಆ್ಯಪ್ ಇತ್ತು. ಹೊಸ ಹಾಡು ಬಂದಾಗಲೆಲ್ಲ ಅವರು ಅದರಲ್ಲೇ ಹುಡುಕುತ್ತಿದ್ದರು.

ಮಧ್ಯಾಹ್ನ ಫಕ್ರುದ್ದೀನಣ್ಣ ಬಂದು ಹಾಲೇಶಣ್ಣನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋದ ಕೂಡಲೇ, ಕೊಟ್ರಮ್ಮ ಮಷಿನ್ ನಿಲ್ಲಿಸಿ ಗಿಟಾರ್ ತೊಡೆ ಮೇಲಿಟ್ಟುಕೊಂಡು ಆ್ಯಪ್ ತೆರೆದರು.

ತಲೆ ಕೆಟ್ಟು ಕೆರ ಹಿಡಿಯಿತು!

ಒಂದು ಕಾರ್ಡ್ ಕೇಳಿದರೆ ಹತ್ತಾರು ಚಿತ್ರ. ಇಲ್ಲಿ ಒತ್ತಿದರೂ ಅದೇ ಕಾರ್ಡ್, ಅಲ್ಲಿ ಒತ್ತಿದರೂ ಅದೇ ಕಾರ್ಡ್ ಅನ್ನುತ್ತದೆ... ಕಿವಿಗೆ ಮಾತ್ರ ಒಂದೊಂದೂ ಒಂದೊಂದು ತರ!

ಹೆಸರಿನ ಪಕ್ಕದಲ್ಲಿ ಏಳು, ಒಂಬತ್ತು ಅಂತ ಅಂಕಿ ಬೇರೆ. ಬ್ಲೌಸಿನ ಅಳತೆಯಾದರೂ ಇದಕ್ಕಿಂತ ಸಲೀಸು.

"ಎಲ್ಲಾ ಸರಿ ಅಂದ್ರೆ ನಾನ್ ಯಾವುದು ಹಿಡೀಲಿ ತಾಯೀ?" ಎಂದು ಫೋನನ್ನೇ ಕೇಳಿದರಂತೆ. ಫೋನು ಇನ್ನೊಂದು ಚಿತ್ರ ತೋರಿಸಿತು.

ಕೊನೆಗೆ ಎಲ್ಲೋ ಬೆರಳು ತಾಗಿ, ಎರಡೇ ಬೆರಳಿನಲ್ಲಿ ಹಿಡಿಯುವ ಕಾರ್ಡ್‌ಗಳನ್ನು ಮಾತ್ರ ತೋರಿಸುವ ಜಾಗ ಸಿಕ್ಕಿತು. ಗಂಡನ ಇಷ್ಟದ ಹಾಡಿಗೆ ಬೇಕಾದವುಗಳಲ್ಲಿ, ಒಂದರಿಂದ ಇನ್ನೊಂದಕ್ಕೆ ಬೆರಳು ಹೆಚ್ಚು ಓಡಾಡದಂಥವನ್ನು ಆರಿಸಿಕೊಂಡರು.

ಗಂಡ ಫಿಸಿಯೋಥೆರಪಿಗೆ ಹೋದಾಗಲೆಲ್ಲ ಅವನ್ನೇ ಒತ್ತಿ ಒತ್ತಿ ಬೆರಳ ತುದಿಗಳು ಕೆಂಪಾದವು. ಹಾಲೇಶಣ್ಣ ನೋಡಿದರು... ತಪ್ಪು ತಿಳಿದರು.

"ನನ್ನ ಸಾಕಾಕೆ ಹಗಲೂ ರಾತ್ರಿ ಸೂಜಿ ಚುಚ್ಚಿಸ್ಕಂತಿದೀಯ..." ಎಂದು ಗೋಡೆ ಕಡೆ ಮುಖ ಮಾಡಿದರು. ಕೊಟ್ರಮ್ಮ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಆ ಭಾನುವಾರ ಬಂದೇಬಿಟ್ಟಿತು. ಫಕ್ರುದ್ದೀನಣ್ಣನೂ ಬಂದರು.

ಕೊಟ್ರಮ್ಮ ಗಿಟಾರನ್ನು ಕವರಿನಿಂದ ತೆಗೆದು, ಮಂಚದ ಮೇಲೆ ಕೂತಿದ್ದ ಗಂಡನ ತೊಡೆ ಮೇಲಿಟ್ಟರು. ತಾವು ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತರು.

"ರೀ, ಬಲಗೈ ನಿಮ್ದು... ಎಡಗೈ ನಂದು. ಬಾರಿಸ್ರೀ," ಎಂದು ಕೈ ಚಾಚಿ ತಂತಿ ಒತ್ತಿದರು.

ಹಾಲೇಶಣ್ಣನಿಗೆ ತಲೆಬುಡ ಗೊತ್ತಾಗಲಿಲ್ಲ. ಬಾರಿಸಿದರು... ಶುದ್ಧ ಅಪಸ್ವರ!

ಕೊಟ್ರಮ್ಮ ಬೆರಳು ಬದಲಿಸಿದರು. ಇನ್ನೂ ಕೆಟ್ಟದಾಗಿ ಕೇಳಿಸಿತು. ಎಡಕ್ಕೆ ಹೋಗಬೇಕಾದ ಬೆರಳು ಬಲಕ್ಕೆ ಹೋಗುತ್ತಿತ್ತು... ಯಾಕೆ ಅಂತ ಅವರಿಗೂ ತಿಳಿಯಲಿಲ್ಲ.

"ಸಾಕು ನಿಲ್ಸು! ಫಕ್ರು ಮುಂದೆ ನನ್ನ ಮರ್ಯಾದೆ ತಗೀಬ್ಯಾಡ!" ಎಂದು ಹಾಲೇಶಣ್ಣ ರೇಗಿ, ಹೆಂಡತಿಯ ಕೈಯನ್ನು ತಂತಿಯಿಂದ ಕಿತ್ತು ತೆಗೆಯಲು ಹೋದರು...

ಹಿಡಿದ ಕೈ ಹಾಗೇ ನಿಂತಿತು.

ಕೊಟ್ರಮ್ಮನ ಬೆರಳ ತುದಿಗಳಲ್ಲಿ ಅಡ್ಡಗೆರೆಗಳು. ಸೂಜಿ ಚುಚ್ಚಿದರೆ ಗೆರೆ ಬೀಳುವುದಿಲ್ಲ. ಅವು ತಂತಿಯ ಗೆರೆಗಳು... ವರ್ಷಗಟ್ಟಲೆ ಹಾಲೇಶಣ್ಣನ ಬೆರಳಲ್ಲೇ ಇದ್ದಂಥವು.

"ಇದು... ಯಾರತ್ರ ಕಲಿತೆ?"

"ನಿಮ್ ಫೋನ್ ಹತ್ರ ರೀ. ನನ್ ತೊಡೆ ಮೇಲೆ ಇಟ್ಕಂಡ್ರೆ ಸರಿ ಬರ್ತಿತ್ತು... ಈಗ್ಯಾಕೋ ಎಲ್ಲಾ ಉಲ್ಟಾ ಹೊಡೀತೈತೆ." ಕೊಟ್ರಮ್ಮ ಅತ್ತೇಬಿಟ್ಟರು.

ಹಾಲೇಶಣ್ಣನ ಕಣ್ಣಲ್ಲೂ ನೀರು. ಜೊತೆಗೇ ನಗು.

"ಎದುರಿಗೆ ಕೂತ್ರೆ ಎಡ ಬಲ ಅದಲುಬದಲು ಆಗುತ್ತಲ್ಲೇ ಹುಚ್ಚಿ! ದಿನಾ ಬಟ್ಟೆ ಉಲ್ಟಾ ಸೀದಾ ನೋಡೋಳಿಗೆ ಇಷ್ಟೂ ಗೊತ್ತಾಗ್ಲಿಲ್ವಾ?"

ಆಮೇಲೆ ನಿಧಾನವಾಗಿ ಎಡಗೈ ಮೇಲಿನ ಟವೆಲ್ ತೆಗೆದರು. ಆ ಕೈಯನ್ನು ಬಲಗೈಯಿಂದ ಎತ್ತಿ ತಮ್ಮ ತೊಡೆ ಮೇಲಿಟ್ಟುಕೊಂಡು, ಪಕ್ಕದಲ್ಲಿ ಜಾಗ ಮಾಡಿದರು.

"ಈ ಕಡೆ ಬಾ..."

ಸ್ಟ್ರೋಕ್ ಆದ ಮೇಲೆ ಮೊದಲ ಸಲ ಕೊಟ್ರಮ್ಮ ಗಂಡನ ಎಡಗಡೆ ಕೂತರು. ಭುಜಕ್ಕೆ ಭುಜ ತಾಗಿತು. ಎರಡು ಬೆರಳು ತಂತಿ ಒತ್ತಿದವು. ಹಾಲೇಶಣ್ಣ ಬಾರಿಸಿದರು...

ಮನೆ ತುಂಬ ನಾದ.

"ನಾನ್ ಹಿಡಿಯೋ ತರ ಇಲ್ಲ ಇದು..." ಅಂದರು ಹಾಲೇಶಣ್ಣ.

"ತಪ್ಪಾ ರೀ?"

"ತಪ್ಪಲ್ಲ. ಕಾರ್ಡ್ ಅದೇ... ಹಿಡಿದಿದ್ದು ನಿನ್ ತರ. ಮುಂದಿಂದು ಹಿಡಿ."

ಫಕ್ರುದ್ದೀನಣ್ಣ ಖಾಲಿ ಕವರನ್ನು ಮಡಚಿ ಮೂಲೆಗಿಟ್ಟು ಕಣ್ಣೊರೆಸಿಕೊಂಡರು. "ನಾನ್ ಬಂದಿದ್ದು ಟೀ ಕುಡಿಯಾಕೆ ಅತ್ತಿಗೆ... ಬೇರೆ ಏನಕ್ಕೂ ಅಲ್ಲ."

ಈಗ ದಿನಾ ಮಧ್ಯಾಹ್ನ ಆ ಮನೆಯಿಂದ ಗಿಟಾರ್ ಕೇಳಿಸುತ್ತದೆ. ನನ್ನ ಬ್ಲೌಸ್ ಇನ್ನೂ ಆಗಿಲ್ಲ... ಕೇಳಲು ಮನಸ್ಸೂ ಬರುತ್ತಿಲ್ಲ.

*ಎದುರಿಗೆ ಕೂತಾಗ ಉಲ್ಟಾ ಕಂಡದ್ದು, ಪಕ್ಕಕ್ಕೆ ಹೋಗಿ ಕೂತರೆ ಸರಿಯಾಗಿ ಕಾಣುತ್ತದೆ.*

ನಿಮ್ಮವರು ಯಾರಿಗೂ ತೋರಿಸದೆ ಮುಚ್ಚಿಟ್ಟುಕೊಂಡ ಆ ಕಡೆಗೆ... ನೀವು ಎಂದಾದರೂ ಹೋಗಿ ಕೂತಿದ್ದೀರಾ?