ಗುಳಿಗೆ ಕೊಡುವ ಮುನ್ನ

ತಂತ್ರಜ್ಞನ ಕೈ ಸೀಸದ ಡಬ್ಬಿಯ ಮುಚ್ಚಳದ ಮೇಲೇ ನಿಂತಿತ್ತು. ಒಳಗಿದ್ದದ್ದು ವಿಕಿರಣ ಸೂಸುವ ಅಯೋಡಿನ್ ಗುಳಿಗೆ. ಎದುರು ಕೂತಿದ್ದ ಟೈಲರಮ್ಮನ ಥೈರಾಯ್ಡ್ ಗ್ರಂಥಿ ತೆಗೆದ ಮೇಲೂ ಕುತ್ತಿಗೆಯಲ್ಲಿ ಉಳಿದಿರಬಹುದಾದ ಕ್ಯಾನ್ಸರನ್ನು ಅದು ಸುಡಬೇಕಿತ್ತು.

"ಕೊಟ್ಟುಬಿಡಪ್ಪ, ಜೀವ ಕೈಲಿ ಹಿಡ್ಕೊಂಡು ಕೂತಿದೀನಿ."

"ರಕ್ತದ ರಿಪೋರ್ಟ್ ಬರಲಿ ಅಕ್ಕ. ಬಸುರಿ ಅಲ್ಲ ಅಂತ ಖಾತ್ರಿ ಆಗದೆ ಕೊಡೋ ಹಾಗಿಲ್ಲ."

"ಮದುವೆಯಾಗಿ ಇಷ್ಟು ವರ್ಷ ಆಗದ್ದು ಈ ವಯಸ್ಸಲ್ಲಿ ಆಗುತ್ತಾ?" ಅವಳು ನಗಲು ನೋಡಿದಳು.

ಫೋನ್ ಬಂತು. ಕೇಳಿಸಿಕೊಂಡ ಅವನು ಡಬ್ಬಿಯನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದ. ಅವಳ ಕೈ ಕುತ್ತಿಗೆಗೆ ಹೋಯಿತು. "ಎಲ್ಲಾ ಕಡೆ ಹರಡಿದೆಯಾ? ಇದ್ದದ್ದು ಇದ್ದ ಹಾಗೆ ಹೇಳು."

"ಇಲ್ಲ ಅಕ್ಕ. ನೀವು ಬಸುರಿ. ಈ ಗುಳಿಗೆ ಈಗ ಬೇಡ. ಹೆರಿಗೆವರೆಗೆ ಕಾಯಬಹುದಾ ಅಂತ ಡಾಕ್ಟರ್ ಬಂದು ಮಾತಾಡ್ತಾರೆ."

ಕುತ್ತಿಗೆಯ ಹೊಲಿಗೆ ಗುರುತಿನ ಮೇಲಿದ್ದ ಅವಳ ಕೈ ಮೆಲ್ಲಗೆ ಹೊಟ್ಟೆಗೆ ಇಳಿಯಿತು. ಗಾಜಿನಾಚೆ ನಿಂತಿದ್ದ ಗಂಡ, ನುಂಗಿದೆಯಾ ಎಂದು ಸನ್ನೆಯಲ್ಲಿ ಕೇಳಿದ. ಇಲ್ಲವೆಂದು ತಲೆಯಾಡಿಸಿದಳು. ಅವನ ಮುಖ ಬಿಳಿಚಿತು. ಗುಳಿಗೆ ನುಂಗಿದ ಮೇಲೆ ನನ್ನ ಮೈಯೇ ವಿಕಿರಣ ಸೂಸುತ್ತೆ, ಹತ್ತಿರ ಸುಳಿಯಬೇಡಿ ಎಂದು ದಾರಿಯುದ್ದಕ್ಕೂ ಅವನಿಗೆ ಹೇಳಿಕೊಂಡು ಬಂದಿದ್ದವಳು, ಈಗ ತಾನೇ ಎದ್ದು ಬಾಗಿಲು ತೆರೆದಳು.

"ರೀ, ಹತ್ತಿರ ಬನ್ನಿ," ಎಂದಳು.