ಚುಕ್ಕಿಗಾಗಿ ಒಂದು ವಾರ ರಜೆ

ಮ್ಯಾನೇಜರ್ ಮೇಡಂ ಗೇಟು ತೆಗೆಯುವ ಹೊತ್ತಿಗೆ ಅವರ ಆಫೀಸಿನ ಹೆಡ್ ಕ್ಲರ್ಕ್ ಬಚ್ಚಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೋಳಿಗೆ ಬಿಸಿನೀರಿನ ಉಪಚಾರ ಮಾಡುತ್ತಿದ್ದರು. ಹಿತ್ತಲಿನ ಆರು ಕೋಳಿಗಳಲ್ಲಿ ಅವರ ಮುದ್ದಿನದು ಈ ಚುಕ್ಕಿ. ಮೊಟ್ಟೆ ಒಳಗೇ ಸಿಕ್ಕಿಹಾಕಿಕೊಂಡು ಮೊನ್ನೆಯಿಂದ ಮುದುಡಿ ಕೂತಿತ್ತು. ಉಳಿದ ಐದೂ ಸೇರಿ ಕುಕ್ಕತೊಡಗಿದ್ದರಿಂದ ಅದನ್ನು ಮನೆಯೊಳಕ್ಕೆ ತಂದಿದ್ದರು. ದಿನಕ್ಕೆ ಮೂರು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ಸುತ್ತ ಸದ್ದಾಗದಂತೆ ನೋಡಿಕೊಳ್ಳಿ, ಇವತ್ತು ಸಂಜೆಯೊಳಗೆ ಮೊಟ್ಟೆ ಬಾರದಿದ್ದರೆ ಆಸೆ ಬಿಡಿ ಎಂದಿದ್ದರು ಪಶುವೈದ್ಯರು. ಸದ್ದಿನ ವಿಷಯದಲ್ಲಿ ಹೆಡ್ ಕ್ಲರ್ಕ್ ವೈದ್ಯರಿಗಿಂತ ಒಂದು ಕೈ ಮೇಲು. ಮನೆಯಲ್ಲಿ ಮಿಕ್ಸಿ ನಿಂತು ಎರಡು ದಿನವಾಗಿತ್ತು. ಹೆಂಡತಿ ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದಳು.

"ರೀ, ನಿಮ್ಮ ಮ್ಯಾನೇಜರ್ ಬರ್ತಿದ್ದಾರೆ. ಕೈಲಿ ಹಣ್ಣಿನ ಚೀಲ ಬೇರೆ ಇದೆ," ಎಂದಳು ಆಕೆ, ಬಚ್ಚಲ ಬಾಗಿಲಲ್ಲಿ ನಿಂತು.

ಹೆಡ್ ಕ್ಲರ್ಕ್ ಕೋಳಿಯನ್ನು ಬಿಟ್ಟು ಥಟ್ಟನೆ ಎದ್ದರು. "ನೀನು ಹೋಗಿ ಮಲಕ್ಕೋ, ಬೇಗ."

"ಯಾಕೆ?"

"ನಿನಗೆ ಹುಷಾರಿಲ್ಲ."

"ನನಗಾ? ಯಾವಾಗಿಂದ?"

"ಮೊನ್ನೆಯಿಂದ. ರಜೆ ಚೀಟೀಲಿ ಹಾಗಂತ ಬರೆದಿದೀನಿ. ಕೋಳಿಗೆ ಹುಷಾರಿಲ್ಲ ಅಂತ ಬರೆದ್ರೆ ಯಾರು ಒಂದು ವಾರ ರಜೆ ಕೊಡ್ತಾರೆ?"

ಹೆಂಡತಿ ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ಮಲಗಿದಳು. ಹಾಡಹಗಲಲ್ಲಿ ಹಾಸಿಗೆಯ ಮೇಲೆ ಬೆನ್ನು ಚಾಚಿ ಎಷ್ಟು ಕಾಲವಾಗಿತ್ತೋ ಏನೋ. ಕಾಯಿಲೆ ಆಕೆಗೆ ತಕ್ಷಣ ಒಗ್ಗಿತು.

ಮೇಡಂ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ಏನಾಗಿದೆ ಎಂದು ಕೇಳಿದರು. ಹೆಡ್ ಕ್ಲರ್ಕ್ ಏನಾದರೊಂದು ಜ್ವರದ ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರ ಜೀವವೆಲ್ಲ ಬಚ್ಚಲಲ್ಲಿತ್ತು.

"ಎರಡು ದಿನದಿಂದ ಒಂದು ಕಾಳೂ ಮುಟ್ಟಿಲ್ಲ ಮೇಡಂ. ಕಣ್ಣು ಮುಚ್ಕೊಂಡು ಕೂತೇ ಇರ್ತಾಳೆ. ಮೂರು ಹೊತ್ತೂ ಬಿಸಿನೀರಲ್ಲಿ ಕೂರಿಸಿ, ಟವೆಲಲ್ಲಿ ಒರೆಸಿ, ಕೈಯಾರೆ ಗುಟುಕು ಗುಟುಕು ನೀರು ಕುಡಿಸ್ತೀನಿ. ರಾತ್ರಿಯೆಲ್ಲ ನಿದ್ದೆ ಇಲ್ಲ." ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ಪುಣ್ಯ ಮಾಡಿದ್ರಿ ಕಣಮ್ಮ," ಎಂದರು ಮೇಡಂ ರೋಗಿಯ ಕಡೆ ತಿರುಗಿ. "ನನಗೆ ಜ್ವರ ಬಂದ್ರೆ ನಮ್ಮನೆಯವರು ಹೋಟೆಲಿಂದ ಊಟ ತರಿಸ್ತಾರೆ. ತಮಗೊಬ್ಬರಿಗೇ."

ಬಚ್ಚಲಿನಿಂದ ಸಣ್ಣಗೆ ಏನೋ ಸದ್ದಾಯಿತು. "ಬಂದೆ ಮೇಡಂ, ನೀರು ಕಾಯೋಕಿಟ್ಟಿದ್ದೆ," ಎಂದವರೇ ಹೆಡ್ ಕ್ಲರ್ಕ್ ಓಡಿದರು.

ಹೆಂಡತಿ ದಿಂಬಿಗೊರಗಿ ಕೂತಳು. ಈ ಮೇಡಂ ಮೇಲೆ ಆಕೆಗೆ ಒಂದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟಿತ್ತು. ಹಣ್ಣು ತಂದವರ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ಹೇಗೆಂದು, ಆದಷ್ಟು ನಯವಾಗಿ ಹೇಳಿದಳು. "ಈ ಸಲನಾದ್ರೂ ಇವರಿಗೆ ರಜೆ ಕೊಟ್ರಲ್ಲ, ಸಂತೋಷ. ಹೋದ ವರ್ಷ ನನ್ನ ಹೊಟ್ಟೆ ಆಪರೇಷನ್ ಆದಾಗ ಒಂದು ದಿನವೂ ಕೊಡಲ್ಲ ಅಂದುಬಿಟ್ರಂತೆ. ಆಸ್ಪತ್ರೇಲಿ ಪಕ್ಕದ ಮನೆಯಾಕೆ ಕೂತಿದ್ರು. ಇವರು ಸಂಜೆ ಬಂದು, ಕೋಳಿ ಕಾಳಿನ ಡಬ್ಬ ಎಲ್ಲಿದೆ ಅಂತ ಕೇಳ್ಕೊಂಡು ಹೋದ್ರು."

"ಆಪರೇಷನ್ನಾ? ಯಾರಿಗೆ?"

"ನನಗೇ."

"ನನ್ನ ಹತ್ರ ಅವರು ರಜೆ ಕೇಳೇ ಇಲ್ಲವಲ್ಲಮ್ಮ. ಹೋದ ವರ್ಷ ಒಂದು ದಿನವೂ ತಪ್ಪಿಸಿಲ್ಲ. ಅದಕ್ಕೇ ಅಲ್ವಾ ಇದನ್ನ ಕೊಟ್ಟಿದ್ದು," ಎಂದು ಮೇಡಂ ಗೋಡೆಯ ಕಡೆ ಕೈ ತೋರಿಸಿದರು.

ಮಂಚದ ಎದುರಿಗೇ ತೂಗುತ್ತಿತ್ತು, ವರ್ಷಪೂರ್ತಿ ರಜೆಯಿಲ್ಲದೆ ದುಡಿದದ್ದಕ್ಕೆ ಕೊಟ್ಟ ಪ್ರಶಂಸಾಪತ್ರ. ಕಟ್ಟು ಹಾಕಿಸಿದ್ದು ಗಂಡ. ವಾರಕ್ಕೊಮ್ಮೆ ಅದರ ಗಾಜು ಒರೆಸುತ್ತಿದ್ದವಳು ಆಕೆ. ಆಕೆಗೆ ಮೊದಲು ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಈ ಸಲ ಅದು ಸರಿಯಾದ ವಿಳಾಸಕ್ಕೇ ಹೊರಟಿತು.

ಅಷ್ಟರಲ್ಲಿ ಬಚ್ಚಲಿನಲ್ಲಿ ಮನೆಯೇ ಎದ್ದುಹೋಗುವಂತೆ ಕೊಕ್ಕೊಕ್ಕೋ ಎಂದು ಕೇಕೆ ಕೇಳಿತು. ಹಿತ್ತಲಿನ ಐದೂ ಅದಕ್ಕೆ ದನಿಗೂಡಿಸಿದವು. ಹೆಡ್ ಕ್ಲರ್ಕ್ ಕಂಕುಳಲ್ಲಿ ಟವೆಲು ಸುತ್ತಿದ ಚುಕ್ಕಿ, ಅಂಗೈಯಲ್ಲಿ ಮೊಟ್ಟೆ ಹಿಡಿದು ಓಡಿ ಬಂದರು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಬದುಕಿದಳು ಕಣೇ, ನಮ್ಮ ಚುಕ್ಕಿ ಬದುಕಿದಳು," ಎಂದವರು ಕುರ್ಚಿಯಲ್ಲಿ ಕೂತವರನ್ನು ನೋಡಿ ಕಲ್ಲಾದರು.

ಮೇಡಂ ಮೊಟ್ಟೆಯನ್ನು ನೋಡಿದರು, ಕೋಳಿಯನ್ನು ನೋಡಿದರು, ಹೆಡ್ ಕ್ಲರ್ಕ್ ಮೀಸೆಗೆ ಅಂಟಿದ್ದ ಪುಕ್ಕವನ್ನೂ ನೋಡಿದರು. "ಮೂರು ಹೊತ್ತು ಬಿಸಿನೀರಲ್ಲಿ ಕೂರಿಸ್ತಾ ಇದ್ದಿದ್ದು ಇವಳನ್ನಾ?"

ಹೆಡ್ ಕ್ಲರ್ಕ್ ಮೊಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ಸರಿ. ಗುಣ ಆಯ್ತಲ್ಲ, ನಾಳೆಯಿಂದ ಆಫೀಸಿಗೆ ಬನ್ನಿ," ಎಂದು ಮೇಡಂ ಎದ್ದರು.

"ಖಂಡಿತ ಮೇಡಂ, ಬೆಳಿಗ್ಗೆ ಎಲ್ಲರಿಗಿಂತ ಮೊದಲೇ..."

"ಬರೋಕಾಗಲ್ಲ ಮೇಡಂ," ಎಂದಳು ಹೆಂಡತಿ. ಹೊದಿಕೆಯನ್ನು ಗದ್ದದವರೆಗೂ ಎಳೆದುಕೊಂಡು ಕಣ್ಣು ಮುಚ್ಚಿದಳು. "ರಜೆ ಚೀಟೀಲಿ ಬರೆದಿರೋ ರೋಗಿ ಇನ್ನೂ ಎದ್ದಿಲ್ಲ."