ಚಿಲ್ಲದ ಬೀಜ ತೇಯ್ದ ಮಧ್ಯಾಹ್ನ

ಹರೂರು ಸಂತೆಯಲ್ಲಿ ಚಿಲ್ಲದ ಬೀಜ ಕಂಡರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ಕಂಬೈನಲ್ಲೂರಿನ ಕಡೆಯ ನಮ್ಮ ಹಟ್ಟಿಗೆ ಹೊಳೆಯ ಕೆಂಪು ನೀರು ತಂದ ದಿನ, ಅವ್ವ ಕೊಡದ ಒಳಮೈಗೆ ಆ ಬೀಜ ತೇಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮಣ್ಣೆಲ್ಲ ತಳಕ್ಕಿಳಿದು ನೀರು ತಿಳಿಯಾಗುತ್ತಿತ್ತು. ಬತ್ತುತ್ತಿದ್ದ ಬಾವಿ ತುಂಬಿಸಲು ಅಪ್ಪನೂ ಹೀಗೇ ಮಣ್ಣು ಇಳಿಸುತ್ತಿದ್ದ, ಬೀಜವಿಲ್ಲದೆ. ಹೊಳೆ ಬಂದಾಗ ನೀರನ್ನು ಮೊದಲು ಬಾವಿಯ ಪಕ್ಕದ ಗುಂಡಿಯಲ್ಲಿ ನಿಲ್ಲಿಸಿ, ಮಣ್ಣು ಕೂತ ಮೇಲೆ ನಡುವೆ ತಡೆಗಿಟ್ಟ ಹಲಗೆ ಎತ್ತಿ ಬಾವಿಗೆ ಬಿಡುತ್ತಿದ್ದ.

ಆ ಮಧ್ಯಾಹ್ನ ಗುಂಡಿ ತುಂಬಿತ್ತು.

"ನಾ ಬರೋಗಂಟ ಹಲಗೆ ಮುಟ್ಬ್ಯಾಡ ಕಣಮ್ಮಿ. ಹೊಳೆ ತಂದ ವಂಡಲ್ ಮಣ್ಣು ಬಾವಿ ಒಳಿಕ್ ಹೋದ್ರೆ ನೀರಿನ ಸೆಲೆ ಕಣ್ಣು ಮುಚ್ಕೊಂತೈತೆ," ಎಂದು ಅಪ್ಪ ಕುರಿ ಹೊಡೆದುಕೊಂಡು ಹೋದ.

ಅವನು ಬರುವಷ್ಟರಲ್ಲಿ ಬಾವಿ ತುಂಬಿಸಿಬಿಡಬೇಕೆಂದು, ನಾನು ಅವ್ವನ ಡಬ್ಬಿಯ ಬೀಜವನ್ನೆಲ್ಲ ಗುಂಡಿಯ ಕಲ್ಲಿಗೆ ತೇಯ್ದು ತೇಯ್ದು ನೀರಿಗೆ ಬಿಟ್ಟೆ. ಮೇಲೆ ನೀರು ತಿಳಿಯಾಗಿ ಕಂಡಿತು. ಹಲಗೆ ಎತ್ತಿದೆ. ಇನ್ನೂ ಗಟ್ಟಿಯಾಗಿ ಕೂರದ ತಳದ ಕೆಸರೆಲ್ಲ ಬಾವಿಗೆ ನುಗ್ಗಿತು.

"ಯಾರ್ ಎತ್ತಿದ್ದು?" ಸಂಜೆ ಬಂದ ಅಪ್ಪ ಬಾವಿಗೆ ಬಗ್ಗಿ ನೋಡಿ ಕೇಳಿದ.

ನನ್ನ ಬೆರಳಿಗೆ ಬೀಜದ ಬಿಳಿ ಲೋಳೆ ಮೆತ್ತಿತ್ತು. ಅವ್ವ ಆ ಕೈಯನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು.

"ನಾನೇ. ತಿಳಿ ಆಗೈತೆ ಅನ್ಕೊಂಡೆ," ಎಂದಳು ಅವ್ವ.

ಅಪ್ಪ ಅವ್ವನ ಜೊತೆ ಮಾತು ಬಿಟ್ಟ. ಸೆಲೆ ಮತ್ತೆ ತೆರೆಯಲಿಲ್ಲ. ಅವ್ವ ದೂರದ ಮಡುವಿನಿಂದ ನೀರು ಹೊತ್ತು ತಂದು, ಬೀಜ ತೇಯ್ದು, ತಿಳಿಯಾದ ಮೊದಲ ಲೋಟ ನನಗೇ ಕೊಡುತ್ತಿದ್ದಳು. ನಾನು ಅಪ್ಪನ ಎದುರಿಗೇ ಕುಡಿದು, ಬಾಯೊರೆಸಿಕೊಂಡು ಸುಮ್ಮನಿರುತ್ತಿದ್ದೆ.